ಅರಮನೆಯಲ್ಲದ ಹೋಟ್ಲಿಗೂ ಒಂದು ಚರಿತ್ರೆ ಇದೆ

ಕನ್ನಡದಲ್ಲಿ ಹೋಟೆಲ್ ಅಂದ್ರೆ ತಿಂಡಿ-ಊಟದ ಜಾಗ. ಮಲಗೋ ಜಾಗಕ್ಕೆ ನಾವು ಲಾಡ್ಜ್ ಅಂತೀವಿ. ಬೇರೆ ರಾಜ್ಯದ ಸಹೋದ್ಯೋಗಿಗೆ "ಹತ್ತು ನಿಮಿಷ ಹೋಟ್ಲಿಗೆ ಹೋಗಿ ಬರ್ತೀನಿ" ಅಂತ ಹೇಳಿ ನೋಡಿ, ಅವರು ಹುಬ್ಬೇರಿಸ್ತಾರೆ. ನಮಗೆ ಮಾತ್ರ ಅದು ಸ್ಪಷ್ಟ: ಒಂದು ಕಾಫಿ, ಹೆಚ್ಚಂದ್ರೆ ಜೊತೆಗೊಂದು ವಡೆ.

ಈ ಸಣ್ಣ ವ್ಯತ್ಯಾಸ ತಮಾಷೆಯಾಗಿ ಕಂಡರೂ ಅದಕ್ಕೆ ನಾವು ತೆರುತ್ತಿರುವ ಬೆಲೆ ದೊಡ್ಡದು. ಫೋನಿನಲ್ಲಿ 'ಹೆರಿಟೇಜ್ ಹೋಟೆಲ್' ಅಂತ ಹುಡುಕಿದರೆ ಮೈಸೂರಿನ ಮೆಟ್ರೊಪೋಲ್ ಬರುತ್ತೆ. ಮಹಾರಾಜರ ಬ್ರಿಟಿಷ್ ಅತಿಥಿಗಳಿಗಾಗಿ 1920ರಲ್ಲಿ ಕಟ್ಟಿಸಿದ್ದು. ಲಲಿತಮಹಲ್ ಬರುತ್ತೆ; ವೈಸ್‌ರಾಯ್‌ಗಾಗಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಅರಮನೆ. ಎರಡೂ ಚೆಂದವೇ. ಆದ್ರೆ ಅಲ್ಲಿಂದ ದಕ್ಷಿಣಕ್ಕೆ ಗುಂಡ್ಲುಪೇಟೆಗೋ ಚಾಮರಾಜನಗರಕ್ಕೋ ಹೋದರೆ, ಹೆಂಚಿನ ಮಾಡಿನ, ಹಲಗೆ ಬಾಗಿಲಿನ, ಹೊಗೆ ಹಿಡಿದ ಗೋಡೆಯ ಹೋಟ್ಲು ಯಾವ ಹುಡುಕಾಟಕ್ಕೂ ಸಿಗಲ್ಲ. ಅದು ಯಾರ ಪಟ್ಟಿಯಲ್ಲೂ ಇಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಅಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಎದ್ದಿರುತ್ತೆ, ಕೆಳಗೆ ಮೊಬೈಲ್ ಅಂಗಡಿ.

ಈ ವಾರ ನನ್ನ ವಾದ ಇಷ್ಟೇ: ಆ ಹೋಟ್ಲೂ ಪರಂಪರೆಯೇ. ಅರಮನೆಯ ಹಾಗೆ ನೋಡಿ ಬೆರಗಾಗಬೇಕಾದ ಪರಂಪರೆ ಅಲ್ಲ. ಒಳಗೆ ಹೋಗಿ ಕೂತು ಅರ್ಥ ಮಾಡ್ಕೋಬೇಕಾದದ್ದು.

ದಾರಿಯೇ ಕಟ್ಟಿದ ಊರುಗಳು

ಮೊದಲು ಭೂಪಟ ನೋಡೋಣ. ಮೈಸೂರು, ನಂಜನಗೂಡು, ಬೇಗೂರು ದಾಟಿ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಎರಡಾಗಿ ಒಡೆಯುತ್ತೆ. ಒಂದು ಕವಲು ಬಂಡೀಪುರದ ಕಾಡಿನೊಳಗಿಂದ ಊಟಿಗೆ. ಇನ್ನೊಂದು ಮುತ್ತಂಗ, ಸುಲ್ತಾನ್ ಬತ್ತೇರಿ ದಾಟಿ ಕಲ್ಲಿಕೋಟೆಗೆ. ಅತ್ತ ಚಾಮರಾಜನಗರದಲ್ಲಿ ಮೈಸೂರಿನಿಂದ ಬರುವ ರೈಲು ಹಳಿ ಮುಗಿಯುತ್ತೆ. ಅಲ್ಲಿಂದ ಮುಂದೆ ರಸ್ತೆ ಮಾತ್ರ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ.

ಅಂದ್ರೆ ಇವೆರಡೂ ಕಾಡಿನ ಬಾಗಿಲಲ್ಲಿ ಕೂತಿರುವ ಊರುಗಳು. ಮುಂದೆ ಘಾಟಿ ಇದೆ, ಆನೆ ಇದೆ, ಮೈಲುಗಟ್ಟಲೆ ಊಟ ಸಿಗದ ದಾರಿ ಇದೆ. ಇಂಥ ಕಡೆ ಎತ್ತಿನಗಾಡಿಯವನೂ ನಿಲ್ಲಲೇಬೇಕಿತ್ತು, ಬಸ್ಸಿನವನೂ ನಿಲ್ಲಲೇಬೇಕು. 2009ರಿಂದ ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧ ಬಂತು. ಪ್ರಾಣಿಗಳಿಗಾಗಿ ತಂದ ನಿಯಮ ಅದು. ತಡವಾಗಿ ಬಂದ ಲಾರಿ ಬೆಳಗಾಗೋವರೆಗೆ ಈಚೆಗೇ ಕಾಯಬೇಕು. ಕಾಯೋನಿಗೆ ಏನು ಬೇಕು? ಒಂದು ಬೆಂಚು, ಬಿಸಿ ಕಾಫಿ.

ಚಾಮರಾಜನಗರದ ಬಗ್ಗೆ ಇನ್ನೊಂದು ಮಾತು ನಿಮಗೂ ಗೊತ್ತಿರುತ್ತೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತೆ ಅನ್ನೋ ನಂಬಿಕೆಯಿಂದ ಎಷ್ಟೋ ಜನ ನಾಯಕರು ವರ್ಷಗಟ್ಟಲೆ ದೂರವೇ ಇದ್ದರು. ಕುರ್ಚಿ ಇದ್ದೋರು ಹೆದರಿದರು. ಬೆಂಚಿನ ಮೇಲೆ ಕೂರೋರು ದಿನಾ ಬಂದು ಇಡ್ಲಿ ತಿಂದು ಹೋದರು.

ಹೋಟೆಲುಗಳಿಗಿಂತ ಮುಂಚೆ ಈ ದಾರಿಗಳಲ್ಲಿ ಇದ್ದದ್ದು ಛತ್ರಗಳು. ರಾಜರು, ಸಾಹುಕಾರರು ಪುಣ್ಯಕ್ಕಾಗಿ ಕಟ್ಟಿಸಿದವು. ಚಾಮರಾಜನಗರದ ಚಾಮರಾಜೇಶ್ವರ ದೇವಸ್ಥಾನವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು 1826ರಲ್ಲಿ. ಅರಿಕುಠಾರ ಅನ್ನೋ ಊರಿಗೆ ತಮ್ಮ ತಂದೆಯ ಹೆಸರಿಟ್ಟವರೂ ಅವರೇ. ದೇವಸ್ಥಾನ, ಛತ್ರ, ಅಗ್ರಹಾರ ಜೊತೆಜೊತೆಗೆ ಬೆಳೆದ ಕಾಲ ಅದು. ಛತ್ರದಲ್ಲಿ ಊಟ ಪುಕ್ಕಟೆ, ಆದ್ರೆ ಬಾಗಿಲಲ್ಲಿ "ಯಾವ ಜನ?" ಅನ್ನೋ ಪ್ರಶ್ನೆ ಇರ್ತಿತ್ತು. ಹೋಟೆಲು ತಂದ ಹೊಸತು ಏನಂದ್ರೆ, ಕಾಸು ಕೊಟ್ಟೋರಿಗೆ ಊಟ. ಹಾಗಂತ ಹಳೇ ಪ್ರಶ್ನೆ ತಕ್ಷಣ ಹೋಗಲಿಲ್ಲ. ಆ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಕಟ್ಟಡ ನೋಡೋಣ.

ಕಟ್ಟಡ ಓದೋದು ಹೇಗೆ?

ಹಳೇ ಹೋಟ್ಲಿನ ಮುಂದೆ ನಿಂತ್ಕೊಳ್ಳಿ. ರೋಲಿಂಗ್ ಶಟರ್ ಬರೋ ಮುಂಚಿನದ್ದಾದರೆ ಬಾಗಿಲು ಹಲಗೆಗಳದ್ದು. ಮೇಲೆ ಕೆಳಗೆ ಗಾಡಿ ಕೊರೆದ ಚೌಕಟ್ಟಿನೊಳಗೆ ಒಂದೊಂದೇ ಹಲಗೆ ತೂರಿಸಿ ಮುಚ್ಚೋದು. ಹಲಗೆಗಳ ಮೇಲೆ 1, 2, 3 ಅಂತ ಬರೆದಿರುತ್ತೆ, ಯಾಕಂದ್ರೆ ಕ್ರಮ ತಪ್ಪಿದರೆ ಕೂರಲ್ಲ. ಬೆಳಗ್ಗೆ ಅಷ್ಟೂ ಹಲಗೆ ತೆಗೆದರೆ ಅಂಗಡಿಯ ಇಡೀ ಮುಖವೇ ತೆರೆದುಕೊಳ್ಳುತ್ತೆ. ಬೀದಿಗೂ ಒಳಗಿಗೂ ನಡುವೆ ಗಾಜಿಲ್ಲ, ಗೋಡೆಯಿಲ್ಲ. ಬೀದಿಯವರನ್ನ ಒಳಗೆ ಕರೆಯೋದಕ್ಕೆ ಇದಕ್ಕಿಂತ ಒಳ್ಳೆ ವಿನ್ಯಾಸ ಯಾವ ಕೆಫೆಯಲ್ಲಿದೆ ಹೇಳಿ?

ಅದರ ಮುಂದೆ ಜಗಲಿ. ಮೈಸೂರು ಸೀಮೆಯ ಮನೆಗಳಿಂದಲೇ ಬಂದದ್ದು. ಬಿಸಿಲು-ಮಳೆ ತಪ್ಪಿಸೋಕೆ ಮಾಡು ಅದರ ಮೇಲೂ ಚಾಚಿರುತ್ತೆ. ಬಸ್ಸು ಕಾಯೋರು, ಪೇಪರ್ ಓದೋರು, ಏನೂ ಕೊಳ್ಳದೋರು ಕೂಡ ಇಲ್ಲಿ ಕೂರಬಹುದು. ಒಳಗೆ ಹೋದ ಕೂಡಲೇ ಗಲ್ಲಾ. ಅದು ಇರುವ ಜಾಗ ಗಮನಿಸಿ: ಅಲ್ಲಿ ಕೂತ ಯಜಮಾನರಿಗೆ ಬೀದಿ, ಅಷ್ಟೂ ಮೇಜು, ಅಡುಗೆಮನೆ ಬಾಗಿಲು ಮೂರೂ ಕತ್ತು ತಿರುಗಿಸೋಷ್ಟರಲ್ಲಿ ಕಾಣುತ್ತೆ. ಸಿಸಿಟಿವಿ ಇಲ್ಲದ ಕಾಲದ ಲೆಕ್ಕಾಚಾರ.

ಈಗ ತಲೆ ಎತ್ತಿ. ಒಳಮಾಳಿಗೆ ಇಲ್ಲದಿದ್ದರೆ ಹೆಂಚಿನ ಒಳಮೈ ಕಾಣುತ್ತೆ, ಅದರ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತೆ. ಮಂಗಳೂರು ಹೆಂಚಿನ ಕಥೆ ಶುರುವಾದದ್ದು 1865ರಲ್ಲಿ, ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗ. ನೇತ್ರಾವತಿಯ ಜೇಡಿಮಣ್ಣು ಅಲ್ಲಿಂದ ಎಲ್ಲೆಲ್ಲಿಗೋ ಹೋಯ್ತು. ಮುಂದೆ ಕಲ್ಲಿಕೋಟೆ ಕಡೆಯಲ್ಲೂ ಕಾರ್ಖಾನೆಗಳಾದವು. ನೀವು ಕೂತಿರೋ ಹೋಟ್ಲಿನ ಹೆಂಚು ಯಾವ ಊರಿನದ್ದು ಅಂತ ಓದಿದರೆ, ಅದು ಯಾವ ದಾರಿಯಲ್ಲಿ ಬಂದಿರಬಹುದು ಅಂತ ಊಹೆ ಮಾಡಬಹುದು. ಹೆಂಚುಗಳ ನಡುವೆ ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಕಂಡರೆ ಅದು ಹಗಲಿನ ಟ್ಯೂಬ್‌ಲೈಟು, ಕರೆಂಟ್ ಬಿಲ್ ಇಲ್ಲ.

ಮಹಡಿ ಇದ್ದರೆ ಮದ್ರಾಸ್ ತಾರಸಿ ಇರಬಹುದು. ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಒಂದಕ್ಕೊಂದು ಅಂಟಿಸ್ತಾ ಹೋಗೋದು. ಮೇಲೆ ಇಟ್ಟಿಗೆ ಚೂರು-ಸುಣ್ಣದ ದಪ್ಪ ಪದರ, ಅದನ್ನ ದಿನಗಟ್ಟಲೆ ಬಡಿದು ಗಟ್ಟಿ ಮಾಡೋದು. ಕಬ್ಬಿಣದ ಸರಳು ಒಂದೂ ಇಲ್ಲ.

ಕೊನೆಗೆ ಅಡುಗೆಮನೆ. ಸೌದೆ ಒಲೆಯ ಕಾಲದಲ್ಲಿ ಇದು ಹಿತ್ತಲ ಕಡೆ ಇರಲೇಬೇಕಿತ್ತು. ಸೌದೆ ರಾಶಿಗೆ ಜಾಗ, ಬಾವಿ ಅಥವಾ ತೊಟ್ಟಿಗೆ ದಾರಿ, ಹೊಗೆ ಹೋಗೋಕೆ ಎತ್ತರದ ಗೂಡು. ಬಿಸಿಗಾಳಿ ಮೇಲೆ ಏರಿ ಹೊರಗೆ ಹೋಗುವಾಗ ಮುಂದಿನ ತೆರೆದ ಮುಖದಿಂದ ತಂಪು ಗಾಳಿಯನ್ನ ಒಳಗೆ ಎಳೆಯುತ್ತೆ. ಏಪ್ರಿಲ್ ಮಧ್ಯಾಹ್ನದಲ್ಲೂ ಒಳಗೆ ತಂಪು ಅನ್ನಿಸೋದಕ್ಕೆ ದಪ್ಪ ಗೋಡೆ, ಎತ್ತರದ ಮಾಡು, ಈ ಗಾಳಿಯ ಓಟ ಮೂರೂ ಕಾರಣ.

ಎಲ್ಲ ಹೋಟ್ಲಲ್ಲೂ ಇದೆಲ್ಲ ಒಟ್ಟಿಗೆ ಇರಲ್ಲ. ಒಂದು ಕಡೆ ಹಲಗೆ ಉಳಿದಿದ್ರೆ ಇನ್ನೊಂದು ಕಡೆ ಹೆಂಚು ಉಳಿದಿರುತ್ತೆ. ಆದ್ರೆ ಇದ್ಯಾವುದೂ ಅಲಂಕಾರಕ್ಕೆ ಮಾಡಿದ್ದಲ್ಲ ಅನ್ನೋದು ನೆನಪಿರಲಿ. ಪ್ರತಿಯೊಂದಕ್ಕೂ ಒಂದು ಕೆಲಸ ಇತ್ತು.

ಹಿಂದಿನ ಬಾಗಿಲು ಯಾರಿಗೆ?

ಈಗ ಆ ಹಳೇ ಪ್ರಶ್ನೆ. 'ಬ್ರಾಹ್ಮಣರ ಕಾಫಿ ಕ್ಲಬ್' ಅನ್ನೋ ಬೋರ್ಡು ಒಂದು ಕಾಲಕ್ಕೆ ಮಾಮೂಲು. ಒಳಗೆ ಕೆಲವರಿಗೆ ಬೇರೆ ಕೋಣೆ, ಉಳಿದವರಿಗೆ ಹೊರಗಿನ ಹಜಾರ. ದಲಿತರಿಗೆ ಹಿಂದಿನಿಂದ ಅಥವಾ ಹೊರಗಿನಿಂದಲೇ, ಬೇರೆ ಲೋಟದಲ್ಲಿ, ಆ ಲೋಟ ಅವರೇ ತೊಳೆದಿಡಬೇಕು. ಎರಡು ಲೋಟ ಪದ್ಧತಿ ಅನ್ನೋ ಮಾತು ಬಂದದ್ದು ಹೀಗೆ. ಹೆಂಗಸರ ವಿಷಯಕ್ಕೆ ಬಂದ್ರೆ ಹೋಟ್ಲಿಗೆ ಹೋಗೋದೇ ತಪ್ಪು. ಆಮೇಲಾಮೇಲೆ ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಂ' ಬಂತು.

ಡಾ. ಅಂಬೇಡ್ಕರ್ ತಮ್ಮ 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಬರೋಡಾದ ಒಂದು ಪಾರ್ಸಿ ವಸತಿಗೃಹದ ಕಥೆ ಹೇಳಿದ್ದಾರೆ. ವಿದೇಶದಲ್ಲಿ ಓದಿ ಬಂದ ಅವರು ಇರೋಕೆ ಜಾಗ ಸಿಗದೆ, ಪಾರ್ಸಿ ಹೆಸರಿಟ್ಟುಕೊಂಡು ಅಲ್ಲಿ ಉಳಿದಿದ್ದರು. ಜಾತಿ ಗೊತ್ತಾಗಿ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಮುಂದೆ ಅವರೇ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಆ ಸಂವಿಧಾನದ 15(2)ನೇ ವಿಧಿ ತೆಗೆದು ನೋಡಿ. ಧರ್ಮ, ಜಾತಿ, ಲಿಂಗ, ಹುಟ್ಟಿದ ಊರಿನ ಕಾರಣಕ್ಕೆ ಯಾರಿಗೂ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲ್ ಪ್ರವೇಶ ತಡೆಯುವಂತಿಲ್ಲ ಅಂತ ಅಲ್ಲಿದೆ. ನಮ್ಮ ಮೂಲಭೂತ ಹಕ್ಕುಗಳಲ್ಲಿ ಹೆಸರು ಹಿಡಿದು ಹೇಳಿರುವ ಕೆಲವೇ ಜಾಗಗಳಲ್ಲಿ ಹೋಟೆಲು ಒಂದು!

ಇದು ಮುಗಿದ ಕಥೆ ಅಂತ ಹೇಳೋಕೆ ಆಗಲ್ಲ. 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲೂಕಿನ ಹೆಗ್ಗೊಠಾರದಲ್ಲಿ, ದಲಿತ ಮಹಿಳೆ ನೀರು ಕುಡಿದರು ಅಂತ ತೊಂಬೆ ಖಾಲಿ ಮಾಡಿ ತೊಳೆದ ಸುದ್ದಿ ನಾಡಿಗೆಲ್ಲ ಗೊತ್ತಾಯಿತು.

ಹಾಗಾಗಿ ಹಳೇ ಹೋಟ್ಲಿನ ಫೋಟೋ ಹಾಕಿ 'ಆ ಕಾಲವೇ ಚೆಂದ' ಅಂತ ಬರೆಯೋ ಮುಂಚೆ ಒಂದು ಕ್ಷಣ ನಿಲ್ಲಬೇಕು. ಆ ಪಕ್ಕದ ಬಾಗಿಲು ಯಾರಿಗಿತ್ತು? ಬೀದಿ ಕಡೆಯ ಸಣ್ಣ ಕಿಂಡಿ ಯಾಕಿತ್ತು? ಇದನ್ನೂ ಉಳಿಸಬೇಕಾ ಅಂತ ನೀವು ಕೇಳಬಹುದು. ನನ್ನ ಉತ್ತರ: ಹೌದು, ಉಳಿಸಬೇಕು. ಎಲ್ಲರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ತರದ ಲೋಟದಲ್ಲಿ ಕಾಫಿ ಕುಡಿಯೋದು ಸುಮ್ಮನೆ ಆದದ್ದಲ್ಲ, ಅದಕ್ಕೆ ಜನ ಹೋರಾಡಿದ್ದಾರೆ ಅನ್ನೋದಕ್ಕೆ ಆ ಗೋಡೆಯೇ ಸಾಕ್ಷಿ. ಗೋಡೆ ಕೆಡವಿದರೆ ಹೊಗಳೋರಿಗೂ ಅನುಕೂಲ, ಮರೆಸೋರಿಗೂ ಅನುಕೂಲ.

ಕಾನೂನಿನ ಕಣ್ಣಿಗೆ ಕಾಣಲ್ಲ

ಸರಿ, ಕಾನೂನು ಕಾಪಾಡುತ್ತಾ? ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಸ್ಮಾರಕ ಅನ್ನಿಸಿಕೊಳ್ಳೋಕೆ ಕನಿಷ್ಠ 100 ವರ್ಷ ಆಗಿರಬೇಕು. ಆದರೂ ಎಲ್ಲಕ್ಕೂ ಆ ಪಟ್ಟ ಸಿಗಲ್ಲ. 1930-40ರ ಹೋಟ್ಲು ಅಲ್ಲೇ ಹೊರಗೆ.

ಕೇಂದ್ರ ಪ್ರವಾಸೋದ್ಯಮ ಇಲಾಖೆಯ 'ಹೆರಿಟೇಜ್ ಹೋಟೆಲ್' ದರ್ಜೆ ಇನ್ನೂ ಮಜವಾಗಿದೆ. 1950ಕ್ಕೂ ಮುಂಚಿನ ಅರಮನೆ, ಕೋಟೆ, ಹವೇಲಿ, ಬೇಟೆ ಬಂಗಲೆ, ವಾಸದ ಮನೆಯನ್ನ ಹೋಟೆಲ್ ಮಾಡಿದರೆ ಆ ದರ್ಜೆ ಕೇಳಬಹುದು. ಹೋಟೆಲಾಗಿಯೇ ಹುಟ್ಟಿ ಹೋಟೆಲಾಗಿಯೇ ಬಾಳಿದ್ದು ಆ ಪಟ್ಟಿಯಲ್ಲಿಲ್ಲ!

ಒಂದು ಕಿಟಕಿ ಮಾತ್ರ ತೆರೆದಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಅನ್ನೋದಕ್ಕೆ ವ್ಯಾಖ್ಯೆ ಇದೆ. ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ಮೌಲ್ಯ ಇದ್ದು, ಯೋಜನಾ ಪ್ರಾಧಿಕಾರ ಹಾಗಂತ ಘೋಷಿಸಬೇಕು. ನೂರು ವರ್ಷದ ಷರತ್ತಿಲ್ಲ, ರಾಜರು ಕಟ್ಟಿಸಿರಬೇಕು ಅಂತಲೂ ಇಲ್ಲ. ಆದ್ರೆ ಘೋಷಿಸಿ ಅಂತ ಯಾರಾದರೂ ಕೇಳಬೇಕಲ್ಲ?

ಕೇಳೋ ಮುಂಚೆ ಮಾಲೀಕರ ಕಷ್ಟ ನೋಡಬೇಕು. ಜಾಗ ಅಣ್ಣತಮ್ಮಂದಿರ ಪಾಲಿಗೆ ಬರುತ್ತೆ. ಮಕ್ಕಳು ನಿಮ್ಮ ಹಾಗೆ ಬೆಂಗಳೂರಲ್ಲಿ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸೋರು ಸಿಗಲ್ಲ. ರಸ್ತೆ ಅಗಲೀಕರಣದ ಕೆಂಪು ಗುರುತು ಗೋಡೆ ಮೇಲೆ ಬಿದ್ದರೆ ಮೊದಲು ಹೋಗೋದೇ ಜಗಲಿ. ಹೋಟೆಲ್ ನಡೆಸೋರು ಬಾಡಿಗೆದಾರರಾಗಿದ್ರೆ ಇನ್ನೂ ಕಷ್ಟ. ಬೆಂಗಳೂರಿನ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ ಅಷ್ಟು ಹೆಸರಿದ್ದೂ 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯ್ತು. ಕಾಫಿ ಉಳೀತು, ಕಟ್ಟಡದ ನಂಟು ಹೋಯ್ತು.

ಮುಂಬೈಯಲ್ಲಿ 1995ರ ನಿಯಮಗಳ ಪ್ರಕಾರ ಪಾರಂಪರಿಕ ಕಟ್ಟಡದ ಮಾಲೀಕರು ತಾವು ಕಟ್ಟಲಾಗದ ಮಹಡಿಗಳ ಹಕ್ಕನ್ನ ಬೇರೆಯವರಿಗೆ ಮಾರಬಹುದು. ಗುಂಡ್ಲುಪೇಟೆಯಲ್ಲಿ ಆ ಹಕ್ಕನ್ನ ಕೊಳ್ಳೋರು ಯಾರು? ಸಣ್ಣ ಊರಿಗೆ ಸಣ್ಣ ಉಪಾಯವೇ ಬೇಕು: ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ಅಗಲೀಕರಣದ ಗೆರೆ ಎಳೆಯೋ ಮುಂಚೆ ಹಳೇ ಕಟ್ಟಡಗಳ ಪಟ್ಟಿ, ಗಾರೆ ಕೆಲಸ ಗೊತ್ತಿರೋ ನಾಲ್ಕು ಜನರ ಫೋನ್ ನಂಬರ್.

ಆ ಕೊನೆಯದ್ದು ತಮಾಷೆಗೆ ಹೇಳಿದ್ದಲ್ಲ. ಸುಣ್ಣದ ಗೋಡೆ ನೀರನ್ನ ಹೀರಿ ಮತ್ತೆ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ತೊಲೆಯ ತುದಿ ಕೊಳೆಯುತ್ತೆ. ರಿಪೇರಿ ಅಂದ್ಕೊಂಡು ಮಾಡಿದ್ದೇ ಕಟ್ಟಡವನ್ನ ಕೊಲ್ಲುತ್ತೆ. ಹಳೇದು ಅನ್ನೋ ಪ್ರೀತಿಯಿಂದ ಸುರಕ್ಷತೆ ಮರೆಯೋದೂ ಅಷ್ಟೇ ತಪ್ಪು. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ನೋಡಿಕೊಳ್ಳದ ಪರಂಪರೆ ಕೊನೆಗೆ ಅದರ ಕೆಳಗೆ ವ್ಯಾಪಾರ ಮಾಡೋ ಬಡವರ ತಲೆ ಮೇಲೇ ಬೀಳುತ್ತೆ. ಉಳಿಸೋದು ಅಂದ್ರೆ ವರ್ಷ ವರ್ಷ ರಿಪೇರಿ ಮಾಡೋದು, ಅಷ್ಟೇ.

ನಿಮ್ಮ ಕೈಲಿರೋ ಫೋನು

ಮುಂದಿನ ಸಲ ಊಟಿಗೋ ವಯನಾಡಿಗೋ ಹೋಗುವಾಗ, ಅಥವಾ ಹಬ್ಬಕ್ಕೆ ಊರಿಗೆ ಬಂದಾಗ, ಅರ್ಧ ಗಂಟೆ ಇಟ್ಕೊಳ್ಳಿ.

ಮೊದಲು ತಿಂಡಿ ತಿನ್ನಿ. ಆಮೇಲೆ ಯಜಮಾನರನ್ನ ಕೇಳಿ, ಅವರು ಒಪ್ಪಿದರೆ ಮಾತ್ರ, ಫೋಟೋ ತೆಗೀರಿ: ಬೀದಿಯಿಂದ ಇಡೀ ಮುಖ, ಹಲಗೆಗಳ ನಂಬರು, ಹೆಂಚಿನ ಮೇಲಿನ ಹೆಸರು, ನೆಲ, ಒಲೆ, ಎಲ್ಲ ಬಾಗಿಲು.

ಹಳೇ ಭಟ್ಟರನ್ನೋ ಮಾಣಿಯನ್ನೋ ನಾಲ್ಕು ಮಾತು ಕೇಳಿ ರೆಕಾರ್ಡ್ ಮಾಡ್ಕೊಳ್ಳಿ. ಯಾವಾಗ ಶುರುವಾಯ್ತು? ಯಾವ ಊರಿಂದ ಬಂದ್ರು? ಸೌದೆ ಒಲೆ ಯಾವಾಗ ಹೋಯ್ತು? ಮುಂಚೆ ಯಾರು ಎಲ್ಲಿ ಕೂರ್ತಿದ್ರು? ಕೊನೆ ಪ್ರಶ್ನೆಗೆ ಉತ್ತರ ಸುಲಭಕ್ಕೆ ಬರಲ್ಲ. ಒತ್ತಾಯ ಮಾಡಬೇಡಿ, ಇನ್ನೊಂದು ಸಲ ಹೋಗಿ. ಅದೇ ಪ್ರಶ್ನೆಯನ್ನ ಅದೇ ಊರಿನ, ಒಂದು ಕಾಲಕ್ಕೆ ಹೊರಗೆ ನಿಂತಿದ್ದ ಹಿರಿಯರನ್ನೂ ಕೇಳಿ. ಒಂದು ಕಡೆಯ ನೆನಪು ಅರ್ಧ ಚರಿತ್ರೆ ಮಾತ್ರ.

ಎಲ್ಲದರ ಒಂದು ಪ್ರತಿ ಮಾಲೀಕರಿಗೆ ಕಳಿಸಿ. ಇನ್ನೊಂದನ್ನ ಒಂದು ಪುಟದ ಅರ್ಜಿ ಜೊತೆ ಚಾಮರಾಜನಗರದ ನಗರಸಭೆಗೋ ಗುಂಡ್ಲುಪೇಟೆಯ ಪುರಸಭೆಗೋ, ಯೋಜನಾ ಪ್ರಾಧಿಕಾರಕ್ಕೂ ಕೊಡಿ. ಮಾಲೀಕರ ಒಪ್ಪಿಗೆ ಇದ್ದರೆ ಪಾರಂಪರಿಕ ಕಟ್ಟಡ ಅಂತ ಪರಿಗಣಿಸಿ ಅಂತ ಬರೀರಿ. ಉತ್ತರ ಬರದೇ ಇರಬಹುದು, ಆದ್ರೆ ಫೈಲಿನಲ್ಲಿ ಒಂದು ಕಾಗದ ಇರುತ್ತೆ. ನಾಳೆ ಕೆಂಪು ಬಣ್ಣದ ಡಬ್ಬಿ ಹಿಡಿದು ಬರೋರ ಮುಂದೆ ತೋರಿಸೋಕೆ ಅದಾದರೂ ಇರಲಿ.

ಕಟ್ಟಡ ಉಳಿಯೋದು ಕಾಗದದಿಂದ ಅಲ್ಲ, ಗಿರಾಕಿಯಿಂದ ಅಂತ ಗೊತ್ತಿದೆ. ಬೆಂಗಳೂರಿನ ವಿದ್ಯಾರ್ಥಿ ಭವನ 1943ರಿಂದ ಗಾಂಧಿಬಜಾರಿನಲ್ಲಿ ನಿಂತಿರೋದು ಯಾವ ಕಾಯ್ದೆಯಿಂದಲೂ ಅಲ್ಲ, ಬಾಗಿಲಲ್ಲಿ ಕಾಯೋ ಜನರಿಂದ. ಹೈವೇಯಲ್ಲಿ ಎಲ್ಲ ಊರಲ್ಲೂ ಒಂದೇ ತರ ಇರೋ ಗಾಜಿನ ಕೆಫೆಗಳು ಸಿಗ್ತವೆ, ಪಾರ್ಕಿಂಗ್ ಕೂಡ ಇದೆ. ಆದ್ರೂ ಒಂದು ಸಲ ಊರೊಳಗೆ ತಿರುಗಿ. ಗಾಡಿ ದೂರ ನಿಲ್ಲಿಸಿ ನಡೆಯಬೇಕಾಗುತ್ತೆ. ಹೆಂಚಿನ ಮೇಲೆ ಯಾವ ಊರಿನ ಹೆಸರಿತ್ತು ಅಂತ ಕೆಳಗೆ ಬರೆದು ತಿಳಿಸಿ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡೋಣ.